ದುಡಿಮೆಯ ಒತ್ತಡಕ್ಕೂ ಪರಿಹಾರ ಉಂಟೆ?
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಮಿಷನ್ನಿಗೆ ಸಿಕ್ಕಿ ಬೆರಳು ಹೋದರೆ ಎಲ್ಲರ ಕಣ್ಣಿಗೂ ಕಾಣುತ್ತೆ. ಶಿಡ್ಲಘಟ್ಟದ ಫಿಲೇಚರ್‌ನಲ್ಲಿ ಬಿಸಿನೀರಿನ ಬೇಸಿನ್ ಮುಂದೆ ದಿನವೆಲ್ಲ ನೂಲು ಬಿಚ್ಚುವ ಹೆಣ್ಣುಮಗಳ ಸುಸ್ತು, ಚಿಂತಾಮಣಿಯಿಂದ ಟೊಮೆಟೊ ಹೇರಿಕೊಂಡು ರಾತ್ರಿಯೆಲ್ಲ ಲಾರಿ ಓಡಿಸುವ ಡ್ರೈವರಣ್ಣನ ಸುಸ್ತು ಕಾಣಲ್ಲ. ಒಂದು ದಿನ ಎದೆ ಹಿಡಿದುಕೊಂಡು ಬಿದ್ದರೆ 'ಪಾಪ, ಹಣೆಬರಹ' ಅಂತೀವಿ. ಮಣ್ಣಿನ ಖರ್ಚಿಗೆ ಮಾಲೀಕರು ಕೊಟ್ಟಷ್ಟು ಈಸಿಕೊಂಡು ಸುಮ್ಮನಾಗ್ತೀವಿ.

ಹಂಗೆ ಸುಮ್ಮನಾಗಬೇಕಿಲ್ಲ. 2002ರಲ್ಲಿ ದೆಹಲಿಯ ಕಡೆಯ ಒಬ್ಬ ಲಾರಿ ಡ್ರೈವರ್ 1152 ಕಿಲೋಮೀಟರ್ ದೂರದಲ್ಲಿ, ದಾರಿಯಲ್ಲೇ ಮೈ ಸರಿಯಿಲ್ಲವೆಂದು ಲಾರಿ ಪಕ್ಕಕ್ಕೆ ನಿಲ್ಲಿಸಿ, ಕುಸಿದು ಸತ್ತರು. ಮೈಮೇಲೆ ಒಂದು ಗಾಯವಿಲ್ಲ. ಹೈಕೋರ್ಟು ಪರಿಹಾರ ಇಲ್ಲ ಅಂದಿತು. 2012ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಅಷ್ಟು ದೂರ ಓಡಿಸಿದ ಶ್ರಮವೇ ಸಾವಿಗೆ ದಾರಿಯಾಯಿತೆಂದು ಒಪ್ಪಿ ಪರಿಹಾರ ಕೊಡಿಸಿತು.

ಆದರೆ ಇನ್ನೊಂದು ಮುಖವನ್ನೂ ಹೇಳಬೇಕು. 2006ರಲ್ಲಿ ಅದೇ ನ್ಯಾಯಾಲಯ, ಹೃದಯಾಘಾತ ಆಯಿತು ಅಂದಮಾತ್ರಕ್ಕೆ ಪರಿಹಾರ ಬರಲ್ಲ, ಕೆಲಸದ ಶ್ರಮಕ್ಕೂ ಸಾವಿಗೂ ನಂಟು ತೋರಿಸಬೇಕು ಅಂದಿತ್ತು. ಅದು ಒಬ್ಬ ಲಾರಿ ಕ್ಲೀನರ್ ಹುಡುಗನ ಕೇಸು. ಮನೆಯವರಿಗೆ ಏನೂ ಸಿಗಲಿಲ್ಲ. ಇನ್ನು ಬರೀ 'ಮನಸ್ಸಿಗೆ ಒತ್ತಡ' ಅನ್ನೋದು 1923ರ ಪರಿಹಾರ ಕಾಯ್ದೆಯ ಕಸುಬಿನ ಕಾಯಿಲೆಗಳ ಪಟ್ಟಿಯಲ್ಲಿ ಇರಲಿಲ್ಲ. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ.

ಹಾಗಾದರೆ ನಂಟು ತೋರಿಸೋದು ಹೇಗೆ? ಇಲ್ಲೇ ನಮ್ಮವರು ಸೋಲೋದು. ಆಸ್ಪತ್ರೆಗೆ ಸೇರಿಸುವಾಗ ಡಾಕ್ಟರಿಗೆ 'ಎದೆನೋವು' ಅಂತ ಮಾತ್ರ ಹೇಳ್ತೀವಿ; ಎರಡು ರಾತ್ರಿ ನಿದ್ದೆಯಿಲ್ಲದೆ ಗಾಡಿ ಓಡಿಸಿದ್ದ, ಡ್ಯೂಟಿಯಲ್ಲೇ ಬಿದ್ದ ಅಂತ ಹೇಳಲ್ಲ. ಆ ಚೀಟಿಯಲ್ಲಿ ಬರೆಯದ ಮಾತನ್ನು ಆಮೇಲೆ ಯಾರು ನಂಬುತ್ತಾರೆ? ಟ್ರಿಪ್ ಶೀಟು, ಟೋಲ್ ರಸೀದಿ, ಕೂಲಿ ಚೀಟಿ, ಜೊತೆಗಿದ್ದವರ ಮಾತು, ಎಲ್ಲವೂ ಬೇಕು. ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಹಳೇ ಕಾಯ್ದೆಯಲ್ಲಿ ಅರ್ಜಿಗೆ ಎರಡು ವರ್ಷದ ಗಡುವಿತ್ತು. ನಾವು ಹೇಳೋದು, ತಿಥಿ ಮುಗಿದ ವಾರವೇ ಹೊರಡಿ ಅಂತ. ವಕೀಲರ ಫೀಸಿಗೆ ಹೆದರಬೇಡಿ. ತಾಲ್ಲೂಕು ನ್ಯಾಯಾಲಯದಲ್ಲೇ ಕಾನೂನು ಸೇವಾ ಸಮಿತಿ ಇದೆ, ಹೆಣ್ಣುಮಕ್ಕಳಿಗೆ ಅಲ್ಲಿ ನೆರವು ಉಚಿತ. ಇ.ಎಸ್.ಐ. ಕಾರ್ಡು ಇದ್ದವರದು ಬೇರೆ ದಾರಿ, ಅವರು ಇ.ಎಸ್.ಐ. ಕಚೇರಿಗೇ ಹೋಗಬೇಕು.

ಮೊತ್ತ ಸಣ್ಣದಲ್ಲ. ಕಾಯ್ದೆಯ ಲೆಕ್ಕದಲ್ಲಿ ಸಾವಾದರೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿನ ಅಂಕಿಯಿಂದ ಗುಣಿಸುತ್ತಾರೆ. ನಲವತ್ತು ವರ್ಷದವರಿಗೆ ಆ ಅಂಕಿ 184.17. ಕೂಲಿ 10,000 ಇದ್ದರೆ 9,20,850 ರೂಪಾಯಿ. ಮಣ್ಣಿನ ಖರ್ಚಿಗೆ ಕೈಗಿಟ್ಟ ಐದು ಸಾವಿರ ಎಲ್ಲಿ, ಇದೆಲ್ಲಿ!

ಕೊನೆಗೆ ನಮ್ಮ ಮನೆಯ ಮಾತು. ಮಾಲೀಕರನ್ನು ಬೈಯೋದು ಸುಲಭ. ಈ ಸಂಘದಲ್ಲಿ ನಾವೂ ಸಂಬಳ ಕೊಡೋರೇ. ನಸುಕಿನಲ್ಲೇ ಬಂದು ಹಾಲು ಅಳೆಯೋ ಹುಡುಗ ಸಂಜೆ ಹಾಲೂ ಮುಗಿಸಿ ಲೆಕ್ಕ ಬರೆದು ಹೋಗೋದು ರಾತ್ರಿಗೆ. ಹಾಜರಿ ಪುಸ್ತಕದಲ್ಲಿ ಇಷ್ಟು ವರ್ಷ ಒಂದು ರುಜು ಮಾತ್ರ ಇತ್ತು. ಬಂದ ಹೊತ್ತು, ಹೋದ ಹೊತ್ತು ಎರಡನ್ನೂ ಬರೆಸಬೇಕೆಂದು ಆಡಳಿತ ಮಂಡಳಿಯಲ್ಲಿ ತೀರ್ಮಾನ ಮಾಡಿದ್ದೇವೆ. ಹೊಸ ಪುಸ್ತಕ ಮೇಜಿನ ಮೇಲಿದೆ, ಹೋಗುವಾಗ ನೋಡಿ.