ನಾವು ಉಸಿರಾಡುವ ಗಾಳಿಯ ಲೆಕ್ಕ

(ಪುಣೆಯ ಧನಕವಡಿಯಲ್ಲಿ ಕನ್ನಡ ಬಾಂಧವರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಮಳೆ ಬಂದು ನಿಂತ ಮರುದಿನ ಈ ಬಡಾವಣೆಯ ಮಾಳಿಗೆಗಳಿಂದ ನೈಋತ್ಯದ ಬೆಟ್ಟಸಾಲು ಗೆರೆ ಎಳೆದಷ್ಟು ಸ್ಪಷ್ಟವಾಗಿ ಕಾಣುತ್ತದೆ. ಡಿಸೆಂಬರಿನ ಮುಂಜಾನೆ ಅದೇ ಸಾಲು ಕಂದು ಮುಸುಕಿನ ಹಿಂದೆ ಮರೆಯಾಗುತ್ತದೆ. ಬೆಟ್ಟ ಇದ್ದಲ್ಲೇ ಇದೆ. ನಡುವಿನ ಗಾಳಿ ಬದಲಾಗಿದೆ. ಈ ಬದಲಾವಣೆಯನ್ನು ಅಳೆಯುವುದು ಹೇಗೆ, ಅಳೆದುದರಿಂದ ನಮಗಾಗುವ ಪ್ರಯೋಜನವೇನು ಎಂಬುದನ್ನು ಇಂದು ವಿಚಾರ ಮಾಡೋಣ.

ಒಣಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕ, 21ರಷ್ಟು ಆಮ್ಲಜನಕ ಇವೆಯೆಂಬುದು ಶಾಲಾ ಮಕ್ಕಳಿಗೂ ತಿಳಿದ ವಿಷಯ. ಆದರೆ ನಮ್ಮ ಆರೋಗ್ಯವನ್ನೂ ಭೂಮಿಯ ತಾಪವನ್ನೂ ಬಹುಮಟ್ಟಿಗೆ ನಿರ್ಧರಿಸುವುದು ಉಳಿದ ಅಲ್ಪಾಂಶ. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ ಅಳತೆ ಆರಂಭವಾದಾಗ, ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡಿನವು ಸುಮಾರು 315 ಇದ್ದವು. ಇಂದು ಆ ಸಂಖ್ಯೆ 420ನ್ನು ದಾಟಿದೆ.

ಇಂಥ ಅಳತೆಗೆ ಹವಾಯಿಯವರೆಗೆ ಹೋಗಬೇಕಾಗಿಲ್ಲ. ಪುಣೆಯ ಪಾಷಾಣದಲ್ಲಿರುವ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯು 1962ರಲ್ಲಿ ಸ್ಥಾಪಿತವಾಯಿತು. ಅದರ ವಿಜ್ಞಾನಿಗಳು 2009ರಿಂದ ಸಮುದ್ರಮಟ್ಟಕ್ಕಿಂತ ಸುಮಾರು 1300 ಮೀಟರ್ ಎತ್ತರದ ಸಿಂಹಗಡದ ಮೇಲೆ ಗಾಜಿನ ಕುಪ್ಪಿಗಳಲ್ಲಿ ಗಾಳಿಯನ್ನು ಹಿಡಿದು ಪರೀಕ್ಷಿಸತೊಡಗಿದರು. ಕೋಟೆಯನ್ನೇ ಆರಿಸಿದ್ದೇಕೆ? ನಗರದ ಹೊಗೆಯಿಂದ ದೂರವಿರುವ ಆ ಎತ್ತರದಲ್ಲಿ ವಿಶಾಲ ಪ್ರದೇಶದ ಗಾಳಿಯ ಗುಣ ಗೋಚರಿಸುತ್ತದೆ. ಮುಂಗಾರಿನಲ್ಲಿ ಅಲ್ಲಿ ಬೀಸುವುದು ಅರಬ್ಬೀ ಸಮುದ್ರದ ಗಾಳಿ. ಚಳಿಗಾಲದಲ್ಲಿ ಬೀಸುವುದು ಭೂಖಂಡದ ಒಳನಾಡಿನ ಗಾಳಿ. ಒಂದೇ ನೆಲೆಯಲ್ಲಿ ನಿಂತು ಎರಡು ಲೋಕಗಳನ್ನು ತೂಗಿದಂತೆ.

ಕ್ಷೇತ್ರ ಮಾಪನ ಅತ್ಯಂತ ನಂಬಲರ್ಹವಾದುದು. ಆದರೆ ಅದು ಉಪಕರಣವಿದ್ದ ಸ್ಥಳದ ಮಾತನ್ನಷ್ಟೇ ಹೇಳುತ್ತದೆ. ಉಪಗ್ರಹವಾದರೋ ದೇಶವನ್ನೆಲ್ಲ ಒಮ್ಮೆಗೇ ನೋಡುತ್ತದೆ. ಪ್ರತಿಯೊಂದು ಅನಿಲವೂ ಬೆಳಕಿನ ಕೆಲವು ನಿರ್ದಿಷ್ಟ ಅಲೆಗಳನ್ನು ಮಾತ್ರ ಹೀರಿಕೊಳ್ಳುತ್ತದೆ. ಭೂಮಿಯಿಂದ ಹಿಂದಿರುಗಿದ ಸೂರ್ಯನ ಬೆಳಕಿನಲ್ಲಿ ಯಾವ ಅಲೆ ಎಷ್ಟು ಕುಂದಿದೆ ಎಂಬುದರಿಂದ ಅನಿಲದ ಮೊತ್ತ ತಿಳಿಯುತ್ತದೆ. 2017ರಲ್ಲಿ ಯೂರೋಪು ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹ ಹೀಗೆ ದಿನಕ್ಕೊಮ್ಮೆ, ಮಧ್ಯಾಹ್ನ ಸುಮಾರು ಒಂದೂವರೆ ಗಂಟೆಗೆ, ನಮ್ಮನ್ನು ನೋಡಿ ಹೋಗುತ್ತದೆ. ಆದರೆ ಮೋಡ ಕವಿದರೆ ಅದಕ್ಕೆ ನೆಲದ ಬಳಿಯ ಗಾಳಿ ಕಾಣದು. ಅದು ಕೊಡುವುದು ನೆಲದಿಂದ ಆಕಾಶದವರೆಗಿನ ಒಟ್ಟು ಲೆಕ್ಕ. ನಮ್ಮ ಮೂಗಿನ ಎತ್ತರದ ಲೆಕ್ಕವಲ್ಲ.

ಈ ಎರಡರ ನಡುವಿನ ಸೇತುವೆಯೇ ಗಣಕಯಂತ್ರದ ಮಾದರಿ. ವಾಹನ, ಒಲೆ, ಕಾರ್ಖಾನೆಗಳು ಎಷ್ಟು ಹೊಗೆ ಉಗುಳುತ್ತವೆ, ಗಾಳಿ ಎತ್ತ ಬೀಸುತ್ತದೆ, ಬಿಸಿಲಿನಲ್ಲಿ ಯಾವ ರಾಸಾಯನಿಕ ಕ್ರಿಯೆ ನಡೆಯುತ್ತದೆ ಎಂಬುದನ್ನೆಲ್ಲ ಮಾದರಿಯು ಗಣಿತದ ರೂಪದಲ್ಲಿ ಕೂಡಿಸುತ್ತದೆ. ಓಝೋನಿನ ಉದಾಹರಣೆ ನೋಡಿ. ಮೇಲಿನ ಆಕಾಶದಲ್ಲಿ ಅದು ನಮ್ಮ ರಕ್ಷಕ. ನೆಲದ ಬಳಿ ಶ್ವಾಸಕೋಶದ ಶತ್ರು. ನೆಲಮಟ್ಟದಲ್ಲಿ ಯಾವ ಕೊಳವೆಯೂ ಅದನ್ನು ನೇರವಾಗಿ ಹೊರಬಿಡುವುದಿಲ್ಲ. ವಾಹನಗಳ ಅನಿಲಗಳು ಬಿಸಿಲಿನಲ್ಲಿ ಬೆರೆತು ಅದು ಹುಟ್ಟುತ್ತದೆ. 2020ರ ಲಾಕ್‌ಡೌನ್ ಸಮಯದಲ್ಲಿ ನಮ್ಮ ನಗರಗಳ ಮೇಲೆ ನೈಟ್ರೋಜನ್ ಡೈಆಕ್ಸೈಡ್ ಇಳಿದುದನ್ನು ಉಪಗ್ರಹಗಳು ಕಂಡವು. ಓಝೋನ್ ಮಾತ್ರ ಅದೇ ಪ್ರಮಾಣದಲ್ಲಿ ಇಳಿಯಲಿಲ್ಲ, ಕೆಲವೆಡೆ ಏರಿತು. ಒಂದು ಅನಿಲವನ್ನು ತಗ್ಗಿಸಿದ ಮಾತ್ರಕ್ಕೆ ಎಲ್ಲವೂ ತಗ್ಗುವುದಿಲ್ಲವೆಂಬ ಪಾಠ ಇದರಲ್ಲಿದೆ.

ಈ ಮೂರು ಸಾಧನಗಳ ಫಲ ಜನರಿಗೆ ತಲುಪಬೇಕು. ‘ಸಫರ್’ ಎಂಬ ವಾಯುಗುಣ ಮುನ್ಸೂಚನಾ ವ್ಯವಸ್ಥೆಯನ್ನು ಪುಣೆಯ ಇದೇ ಸಂಸ್ಥೆ 2010ರಲ್ಲಿ, ಕಾಮನ್‌ವೆಲ್ತ್ ಕ್ರೀಡಾಕೂಟದ ಸಂದರ್ಭದಲ್ಲಿ, ದೆಹಲಿಯಲ್ಲಿ ಆರಂಭಿಸಿತು. 2013ರಲ್ಲಿ ಅದು ಪುಣೆಗೆ ಬಂತು. ನಿಮ್ಮ ನೆರೆಯ ಕಾತ್ರಜ್‌ನಲ್ಲಿಯೂ ಒಂದು ಮಾಪನ ಕೇಂದ್ರ ಸ್ಥಾಪಿತವಾಯಿತು.

ಇದು ವಿಜ್ಞಾನಿಗಳಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ಎರಡೂವರೆ ಮೈಕ್ರಾನಿಗಿಂತ ಕಿರಿದಾದ ಕಣಗಳು ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರಬಲ್ಲವು. 2009ರ ರಾಷ್ಟ್ರೀಯ ಮಾನದಂಡದಂತೆ ಅವುಗಳ ಇಪ್ಪತ್ತನಾಲ್ಕು ಗಂಟೆಗಳ ಸರಾಸರಿ, ಒಂದು ಘನಮೀಟರ್ ಗಾಳಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 15. ಚಳಿಗಾಲದ ರಾತ್ರಿ ನೆಲ ಬೇಗ ತಣಿದು, ತಂಪುಗಾಳಿಯ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ. ಸಾತಾರಾ ರಸ್ತೆಯ ವಾಹನಗಳ ಹೊಗೆ, ಬೆಂಗಳೂರಿನತ್ತ ಸಾಗುವ ಲಾರಿಗಳ ಹೊಗೆ, ಬೀದಿಯ ಮೂಲೆಯಲ್ಲಿ ಸುಟ್ಟ ಕಸದ ಹೊಗೆ ಎಲ್ಲವೂ ಅದರ ಕೆಳಗೇ ಉಳಿಯುತ್ತವೆ. ಮಕ್ಕಳು ಶಾಲೆಗೆ ಹೊರಡುವುದೂ, ಹಿರಿಯರು ವಾಯುಸೇವನೆಗೆ ಹೋಗುವುದೂ ಆ ಹೊತ್ತಿನಲ್ಲೇ.

ಆದುದರಿಂದ ಮಳೆಯ ಮುನ್ಸೂಚನೆ ಕೇಳಿ ಕೊಡೆ ಹಿಡಿಯುವಂತೆ, ಗಾಳಿಯ ಸೂಚ್ಯಂಕ ನೋಡಿ ದಿನಚರಿ ಹೊಂದಿಸಿಕೊಳ್ಳುವುದನ್ನೂ ನಾವು ರೂಢಿಸಿಕೊಳ್ಳಬೇಕು. 2015ರಲ್ಲಿ ಜಾರಿಗೆ ಬಂದ ಈ ಸೂಚ್ಯಂಕ 200ನ್ನು ಮೀರಿದ ದಿನ ಉಬ್ಬಸವುಳ್ಳವರು ಮುಂಜಾನೆಯ ನಡಿಗೆಯನ್ನು ಮುಂದೂಡುವುದು ಲೇಸು. ಆದರೆ ಎಚ್ಚರಿಕೆಯೊಂದೇ ಸಾಲದು. ಉಪಗ್ರಹ ಹೊಗೆಯನ್ನು ಕಾಣಬಲ್ಲದು, ಮಾದರಿ ಅದರ ದಾರಿಯನ್ನು ಹೇಳಬಲ್ಲದು. ಕಸಕ್ಕೆ ಬೆಂಕಿ ಹಚ್ಚದಿರುವ ಕೆಲಸ ನಮ್ಮದೇ. ಚಳಿಗಾಲದಲ್ಲಿಯೂ ಆ ಬೆಟ್ಟಸಾಲು ನಮ್ಮ ಮಕ್ಕಳಿಗೆ ಸ್ಪಷ್ಟವಾಗಿ ಕಾಣುವಂತಾಗಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.