ಬೆಳಕನ್ನು ಬೆಳಗಿಸುವ ಬೆರಕೆ
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ಸಭಾಮಂಟಪದ ದೀಪಗಳ ಕಡೆಗೆ ಒಮ್ಮೆ ಕಣ್ಣೆತ್ತಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ. ಹಳೆಯ ಟ್ಯೂಬ್‌ಲೈಟುಗಳೂ ಹೊಸ ಎಲ್‌ಇಡಿ ದೀಪಗಳೂ ಇಲ್ಲಿ ಒಟ್ಟಿಗಿವೆ. ಎರಡರಲ್ಲಿಯೂ ನಾವು ಕಾಣುವ ಬಿಳಿಯ ಬೆಳಕಿನ ಬಹುಪಾಲು ಹೊಮ್ಮುವುದು ಒಂದು ಪುಡಿಯಿಂದ. ಅದಕ್ಕೆ ಫಾಸ್ಫರ್ ಎಂದು ಹೆಸರು. ರಂಜಕವೆಂಬ ಮೂಲವಸ್ತುವೇ ಇದೆಂದು ಭ್ರಮಿಸಬಾರದು.

ಸುಮಾರು 1602ರಲ್ಲಿ ಇಟಲಿಯ ಬೊಲೋನ್ಯಾ ನಗರದ ವಿನ್ಚೆನ್ಜೊ ಕಾಶಿಯರೋಲೊ ಎಂಬ ಪಾದರಕ್ಷೆ ಹೊಲಿಯುವವನು, ಚಿನ್ನ ಮಾಡುವ ಆಸೆಯಿಂದ, ಸಮೀಪದ ಬೆಟ್ಟದ ಬ್ಯಾರೈಟ್ ಕಲ್ಲನ್ನು ಇದ್ದಿಲಿನೊಡನೆ ಸುಟ್ಟನು. ಚಿನ್ನ ದೊರೆಯಲಿಲ್ಲ, ಆದರೆ ಬಿಸಿಲಿಗಿಟ್ಟು ಕತ್ತಲೆಗೆ ತಂದ ಆ ಕಲ್ಲು ಕೆಂಡದಂತೆ ಹೊಳೆಯಿತು. ಅದರ ಹೊಳಪಿಗೆ ಕಾರಣ ಕಲ್ಲಿನೊಳಗಿದ್ದ ತಾಮ್ರದ ಲವಲೇಶವೆಂದು ವಿದ್ವಾಂಸರು ತೋರಿಸಿದ್ದು 2012ರಲ್ಲಿ. ಕಲ್ಲು ಬೆಳಗಿದುದು ತನ್ನೊಳಗಿನ ಬೆರಕೆಯಿಂದ! ರಸಾಯನಶಾಸ್ತ್ರಜ್ಞನ ಸಾಧನೆಯೆಲ್ಲವೂ ಈ ಬೆರಕೆಯನ್ನು ಅಳೆದು ಹಾಕುವುದರಲ್ಲಿದೆ.

ಟ್ಯೂಬ್‌ಲೈಟಿನಲ್ಲಿ ಪಾದರಸದ ಆವಿಯು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಸೂಸುತ್ತದೆ. ಅವುಗಳ ತರಂಗಮಾನ 254 ನ್ಯಾನೊಮೀಟರ್. ಗಾಜಿನ ಒಳಮೈಗೆ ಲೇಪಿಸಿದ ಪುಡಿ ಅವನ್ನು ನುಂಗಿ, ಕಾಣುವ ಬೆಳಕಾಗಿ ಹೊರಸೂಸುತ್ತದೆ. ಹೀಗೆ ಹೊರಬರುವ ಬೆಳಕಿನ ತರಂಗಮಾನ ನುಂಗಿದುದಕ್ಕಿಂತ ಹೆಚ್ಚಿರುತ್ತದೆಂಬ ನಿಯಮವನ್ನು ಸ್ಟೋಕ್ಸ್ 1852ರಲ್ಲಿಯೇ ಸಾರಿದ್ದನು.

ಈ ದೀಪಗಳ ಮೊದಲ ಪುಡಿಗಳಲ್ಲಿ ಒಂದರಲ್ಲಿ ಬೆರಿಲಿಯಂ ಇತ್ತು. ಬೆಳಕೇನೋ ಸೊಗಸಾಗಿತ್ತು, ಆದರೆ ಅದರ ಧೂಳು ಕಾರ್ಖಾನೆಯ ಕೆಲಸಗಾರರ ಶ್ವಾಸಕೋಶಗಳನ್ನು ಕೆಡಿಸಿತು. 1949ರಲ್ಲಿ ಅಮೆರಿಕದ ತಯಾರಕರು ಅದನ್ನು ಕೈಬಿಟ್ಟರು. ಅಷ್ಟರಲ್ಲಿ, 1942ರಲ್ಲಿ, ಇಂಗ್ಲೆಂಡಿನಲ್ಲಿ ಮೆಕೀಗ್ ಮತ್ತು ಸಂಗಡಿಗರು ಕಂಡುಹಿಡಿದಿದ್ದ ಕ್ಯಾಲ್ಸಿಯಂ ಹ್ಯಾಲೋಫಾಸ್ಫೇಟ್ ನೆರವಿಗೆ ಒದಗಿತು. ಅದರಲ್ಲಿ ಆಂಟಿಮನಿ ನೀಲಿಯನ್ನೂ ಮ್ಯಾಂಗನೀಸ್ ಕಿತ್ತಳೆಯನ್ನೂ ಕೊಡುತ್ತವೆ. ಎರಡೂ ಕೂಡಿ ಬಿಳುಪಾಗುತ್ತವೆ.

ಎಲ್‌ಇಡಿಯ ಕಥೆ ಇದರ ಮುಂದಿನ ಅಧ್ಯಾಯ. ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಾಕಾಮುರಾ ಎಂಬ ಮೂವರಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆ ನೀಲಿಯನ್ನು ಬಿಳುಪಾಗಿಸುವುದು ಯಿಟ್ರಿಯಂ ಅಲ್ಯುಮಿನಿಯಂ ಗಾರ್ನೆಟ್ ಎಂಬ ಪುಡಿ. ಶುದ್ಧವಾಗಿದ್ದರೆ ಅದು ಬಿಳಿಯ ಪುಡಿಯಷ್ಟೆ. ನೀಲಿಯ ಮುಂದೆ ನಿಷ್ಪ್ರಯೋಜಕ. ನೂರು ಯಿಟ್ರಿಯಂ ಪರಮಾಣುಗಳಲ್ಲಿ ಕೆಲವನ್ನು ತೆಗೆದು ಸೀರಿಯಂ ಇಟ್ಟರೆ ಹಳದಿಯಾಗಿ ಬೆಳಗುತ್ತದೆ. ಸೀರಿಯಂ ಅತಿಯಾದರೆ ಬೆಳಕು ಕುಂದುತ್ತದೆ. ಕಬ್ಬಿಣದ ಕಣ ಸೇರಿದರೂ ಕುಂದುತ್ತದೆ. ಮೂಸೆಯಲ್ಲಿ 1500 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವಿಗೆ ಸುಡುವಾಗ ಕುಲುಮೆಯ ಅನಿಲವೂ ಹದವಾಗಿರಬೇಕು. ಉಪ್ಪು ಹೆಚ್ಚಾದ ಸಾರಿನಂತೆ, ಬೆರಕೆ ಮೀರಿದ ಪುಡಿಯೂ ಕೆಟ್ಟಿತೆಂದೇ ತಿಳಿಯಬೇಕು.

ನೀಲಿ ಹಳದಿಗಳೆರಡೇ ಕೂಡಿದ ಬಿಳುಪಿನಲ್ಲಿ ಕೆಂಪು ಸಾಲದು. ಕೆಂಪು ಸೀರೆ ಮಂಕಾಗಿ ಕಾಣುತ್ತದೆ. ಆ ಕೊರತೆಯನ್ನು ಯೂರೋಪಿಯಂ ಬೆರೆಸಿದ ನೈಟ್ರೈಡುಗಳಿಂದ ತುಂಬುತ್ತಿದ್ದಾರೆ. ಇಂಥ ಧಾತುಗಳನ್ನು ಅದಿರಿನಿಂದ ಬೇರ್ಪಡಿಸುವುದು ಕಷ್ಟಸಾಧ್ಯ. ಆದುದರಿಂದ ಅಗ್ಗದ ಬದಲಿಯ ಶೋಧನೆ ನಡೆದೇ ಇದೆ.

ವಿದ್ಯಾರ್ಥಿಗಳೇ, ಒಂದು ವಿಜ್ಞಾಪನೆ. ಕೆಟ್ಟ ಟ್ಯೂಬ್‌ಲೈಟನ್ನು ಒಡೆದು ಆಡಬೇಡಿರಿ. ಅದರೊಳಗಿನ ಪಾದರಸದ ಆವಿ ವಿಷ. ಪಾದರಸದ ಹಾವಳಿಯನ್ನು ತಡೆಯಲು 2013ರಲ್ಲಿ ಮಿನಮಾಟಾ ಒಪ್ಪಂದವಾಯಿತು. ಸಾಮಾನ್ಯ ಬೆಳಕಿಗಾಗಿ ಬಳಸುವ ಇಂಥ ದೀಪಗಳ ತಯಾರಿಕೆಯನ್ನು 2027ರ ಹೊತ್ತಿಗೆ ನಿಲ್ಲಿಸಬೇಕೆಂದು ಅದರ ಸದಸ್ಯ ರಾಷ್ಟ್ರಗಳು 2023ರಲ್ಲಿ ನಿಶ್ಚಯಿಸಿದವು. ಅಲ್ಲಿಯವರೆಗೆ ಹೋಗದೆ ಉಳಿದ ಹಳೆಯ ದೀಪಗಳು ನಮ್ಮ ಮನೆಗಳಲ್ಲಿಯೂ ಶಾಲೆಗಳಲ್ಲಿಯೂ ಇದ್ದೇ ಇವೆ.

ನಿಮ್ಮಲ್ಲಿ ಯಾರಾದರೂ ಮುಂದೆ ಪ್ರಯೋಗಶಾಲೆಯನ್ನು ಹೊಕ್ಕರೆ, ಯಾವುದನ್ನು ಬೆರೆಸಿದರೆ ಪುಡಿ ಬೆಳಗುತ್ತದೆಂದು ಕೇಳುವಾಗಲೇ, ಆ ಪುಡಿ ಯಾರ ಉಸಿರನ್ನು ಸೇರುತ್ತದೆಂದೂ ಕೇಳಿರಿ. ಬೆರಿಲಿಯಂ ಕಲಿಸಿದ ಪಾಠ ಅದು.