ಸಣ್ಣಗಿದ್ದವರಿಗೂ ಶುಗರ್ ಯಾಕೆ ಬರ್ತದೆ?

ಕಾರವಾರದಿಂದ ಮಾತಾಡ್ತಾ ಇದ್ದೇನೆ. ಅಂಕೋಲಾದ ಕೇಳುಗರೊಬ್ಬರು ಕಳಿಸಿದ ವಾಯ್ಸ್ ಮೆಸೇಜ್ ಇವತ್ತಿನ ಸಂಚಿಕೆಗೆ ಕಾರಣ. ಅವರು ಕೇಳಿದ್ದು ಇಷ್ಟೇ: “ನಮ್ಮಪ್ಪ ಮೊದಲಿಂದಲೂ ಸಣ್ಣ, ಅರವತ್ತು ಕೆಜಿ ದಾಟಿದವರಲ್ಲ. ಅವರಿಗೆ ಶುಗರ್. ದಪ್ಪಗಿರೋ ದೊಡ್ಡಪ್ಪನಿಗೆ ಏನೂ ಇಲ್ಲ. ಇದು ಹೇಗೆ?”

ನಾನು ಓದಿದ್ದು ಬಿಕಾಂ, ಡಾಕ್ಟರ್ ಅಲ್ಲ. ಆದ್ರೆ ಈ ಪ್ರಶ್ನೆಗೆ ವಿಜ್ಞಾನಿಗಳು ಕೊಟ್ಟಿರೋ ಉತ್ತರ ನಮ್ಮೂರಲ್ಲಿ ಎಲ್ಲರಿಗೂ ಗೊತ್ತಿರಬೇಕು ಅನ್ನಿಸ್ತು.

ಮೊದಲು ಒಂದು ಲೆಕ್ಕ. ಮಾಜಾಳಿ ದಾಟಿದ್ರೆ ಗೋವಾ. ಐಸಿಎಂಆರ್ 2008ರಿಂದ 2020ರವರೆಗೆ ದೇಶದ 1.13 ಲಕ್ಷ ಜನರನ್ನು ಪರೀಕ್ಷೆ ಮಾಡಿ 2023ರಲ್ಲಿ ವರದಿ ಪ್ರಕಟಿಸಿತು. ಸಕ್ಕರೆ ಕಾಯಿಲೆಯಲ್ಲಿ ದೇಶದ ಸರಾಸರಿ ಶೇ. 11.4. ಎಲ್ಲಕ್ಕಿಂತ ಹೆಚ್ಚು ಗೋವಾದಲ್ಲಿ, ಶೇ. 26.4. ಅದೇ ವರದಿಯಲ್ಲಿ ಇನ್ನೊಂದು ವಿಷಯ ಇದೆ. ತೂಕದ ಲೆಕ್ಕದಲ್ಲಿ ಬೊಜ್ಜು ಇರೋರು ಶೇ. 28.6, ಆದ್ರೆ ಹೊಟ್ಟೆಯ ಬೊಜ್ಜು ಇರೋರು ಶೇ. 39.5. ಅಂದ್ರೆ ತೂಕದ ಮಷೀನ್ “ಏನೂ ತೊಂದ್ರೆ ಇಲ್ಲ” ಅಂತ ಹೇಳಿದ ಎಷ್ಟೋ ಜನರ ಹೊಟ್ಟೆ ಬೇರೆ ಕಥೆ ಹೇಳ್ತಾ ಇದೆ.

ಕೊಬ್ಬು ಅಂದ್ರೆ ಸುಮ್ಮನೆ ಬಿದ್ದಿರೋ ಬೆಣ್ಣೆ ಮುದ್ದೆ ಅಂತ ನಾವು ತಿಳ್ಕೊಂಡಿದ್ದೇವೆ. ಹಾಗಲ್ಲ. 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಅನ್ನೋ ಹಾರ್ಮೋನ್ ಕಂಡುಹಿಡಿಯಿತು. ಅದನ್ನು ತಯಾರಿಸೋದು ಕೊಬ್ಬಿನ ಕೋಶಗಳೇ. “ದಾಸ್ತಾನು ಇಷ್ಟಿದೆ” ಅಂತ ಮೆದುಳಿಗೆ ಸುದ್ದಿ ಮುಟ್ಟಿಸೋದು ಅದರ ಕೆಲಸ. ಹಾಗಾಗಿ ಕೊಬ್ಬು ಕೂಡ ಕೆಲಸ ಮಾಡೋ ಒಂದು ಅಂಗ.

ಬೈತಖೋಲ ಬಂದರನ್ನು ನೆನಪು ಮಾಡ್ಕೊಳ್ಳಿ. ಬಂಗಡೆ ರಾಶಿ ರಾಶಿ ಬಂದ ದಿನ ಐಸ್ ಪೆಟ್ಟಿಗೆ ಇರೋಷ್ಟು ಹೊತ್ತು ಚಿಂತೆ ಇಲ್ಲ. ಪೆಟ್ಟಿಗೆ ತುಂಬಿದ ಮೇಲೆ ಬಂದ ಮೀನು ನೆಲದ ಮೇಲೆ ಬೀಳ್ತದೆ, ಅಲ್ಲೇ ಕೆಡ್ತದೆ. ನಮ್ಮ ಚರ್ಮದಡಿಯ ಕೊಬ್ಬು ಆ ಐಸ್ ಪೆಟ್ಟಿಗೆ ಇದ್ದ ಹಾಗೆ. ಅದು ತುಂಬಿದ ಮೇಲೆ ಹೆಚ್ಚಾದ ಕೊಬ್ಬು ಲಿವರ್, ಪ್ಯಾಂಕ್ರಿಯಾಸ್, ಸ್ನಾಯು, ಕರುಳಿನ ಸುತ್ತ ಹೋಗಿ ಕೂರ್ತದೆ. ಆಗ ಇನ್ಸುಲಿನ್ ಮಾತು ಲಿವರ್ ಕೇಳೋದಿಲ್ಲ, ರಕ್ತದಲ್ಲಿ ಸಕ್ಕರೆ ಏರ್ತದೆ. ದೊಡ್ಡಪ್ಪನ ಪೆಟ್ಟಿಗೆ ದೊಡ್ಡದಿರಬಹುದು, ಅಪ್ಪನದು ಸಣ್ಣದು.

ಇದಕ್ಕೆ ಪುರಾವೆ ಏನು? ಲಿಪೊಡಿಸ್ಟ್ರೊಫಿ ಅಂತ ಅಪರೂಪದ ಕಾಯಿಲೆ ಇದೆ. ಅದು ಇರೋರಿಗೆ ಚರ್ಮದಡಿ ಕೊಬ್ಬು ಇರೋದೇ ಇಲ್ಲ ಅನ್ನೋಷ್ಟು ಕಡಿಮೆ. ನೋಡೋಕೆ ತೆಳ್ಳಗೆ. ಆದ್ರೂ ತೀವ್ರ ಸಕ್ಕರೆ ಕಾಯಿಲೆ, ಲಿವರ್ ತುಂಬ ಕೊಬ್ಬು. ಇಡೋಕೆ ಜಾಗ ಇಲ್ಲದಿದ್ರೆ ಏನಾಗ್ತದೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ಇನ್ನು ನಮ್ಮವರ ವಿಷಯ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೋ ಹಾಕಿದ್ರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ಎತ್ತರಕ್ಕೆ ತಕ್ಕ ತೂಕ ಸಮ, ಕೊಬ್ಬು ಮಾತ್ರ ಎರಡು ಪಟ್ಟಿಗಿಂತ ಹೆಚ್ಚು.

ಇದು ಎಲ್ಲಿಂದ ಶುರು? ಉತ್ತರದ ಒಂದು ತುಂಡು ನಮ್ಮ ಮೈಸೂರಲ್ಲೇ ಸಿಕ್ಕಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಅಂದ್ರೆ ಮೈಸೂರಿಗರ ಮಿಷನ್ ಆಸ್ಪತ್ರೆ, 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ಅಲ್ಲೇ 1997ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ‘ಪಾರ್ಥೆನಾನ್’ ಅಧ್ಯಯನ ಶುರುವಾಯ್ತು. ಬ್ರಿಟನ್ನಿನ ಶಿಶುಗಳ ಜೊತೆ ಹೋಲಿಸಿದ್ರೆ ಮೈಸೂರಿನ ಶಿಶುಗಳ ತೂಕ ಕಡಿಮೆ, ಸ್ನಾಯು ಕಡಿಮೆ, ಆದ್ರೆ ಬೆನ್ನಿನ ಚರ್ಮದಡಿಯ ಕೊಬ್ಬು ಅಷ್ಟು ಕಡಿಮೆ ಇರಲಿಲ್ಲ. ಗರ್ಭದಲ್ಲಿರುವಾಗ ತಾಯಿಗೆ ಶುಗರ್ ಇದ್ದ ಮಕ್ಕಳಲ್ಲಿ ಮುಂದೆ ಕೊಬ್ಬು, ಇನ್ಸುಲಿನ್ ಎರಡೂ ಹೆಚ್ಚು ಕಂಡುಬಂತು. ಹಾಗಾಗಿ “ನಿನಗೆ ಬಾಯಿ ಚಪಲ, ಅದ್ಕೇ ಬಂತು” ಅಂತ ಯಾರನ್ನೂ ಬೈಯೋ ಮೊದಲು ಇದನ್ನು ಯೋಚಿಸಿ.

ಹಾಗಂತ ಹಣೆಬರಹ ಅಂತ ಕೈಕಟ್ಟಿ ಕೂರೋದೂ ಬೇಡ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ದಪ್ಪಗಿಲ್ಲದ 20 ಸಕ್ಕರೆ ಕಾಯಿಲೆಯವರಿಗೆ ವೈದ್ಯರ ನಿಗಾದಲ್ಲಿ ತೂಕ ಇಳಿಸಿದ್ರು. 14 ಜನರಿಗೆ ಮಾತ್ರೆ ಇಲ್ಲದೆ ಶುಗರ್ ಹತೋಟಿಗೆ ಬಂತು, ಲಿವರ್ ಕೊಬ್ಬು ಇಳಿದಿತ್ತು. ಸಣ್ಣ ಅಧ್ಯಯನ, ನಿಜ. ಇದನ್ನು ಕೇಳಿ ಯಾರೂ ತಾವಾಗೇ ಮಾತ್ರೆ ಬಿಡಬೇಡಿ, ಡಾಕ್ಟರ್ ಹತ್ರ ಮಾತಾಡಿ.

ಮನೆಯಲ್ಲೇ ಮಾಡಬಹುದಾದ ಕೆಲಸ ಒಂದಿದೆ. ಟೈಲರ್ ಟೇಪ್ ತಗೊಳ್ಳಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆ, ಇವೆರಡರ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆ ಎಳ್ಕೊಳ್ಳದೆ ಅಳೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ್ರೆ ತೂಕ ಎಷ್ಟೇ ಇರ್ಲಿ, ಖಾಲಿ ಹೊಟ್ಟೆಯ ಶುಗರ್ ಪರೀಕ್ಷೆ ಮಾಡಿಸಿ. ಮನೇಲಿ ಯಾರಿಗಾದ್ರೂ ಶುಗರ್ ಇದ್ರೆ ಅಳತೆ ಕಡಿಮೆ ಇದ್ರೂ ಮಾಡಿಸಿ. 30 ದಾಟಿದವರಿಗೆ ಆಶಾ ಕಾರ್ಯಕರ್ತೆಯರು ತುಂಬಿಸೋ ಫಾರ್ಮ್‌ನಲ್ಲೂ ಸೊಂಟದ ಅಳತೆಗೆ ಅಂಕ ಇದೆ. ಅವರು ಟೇಪ್ ತೆಗೆದಾಗ “34 ಅಂತ ಬರ್ಕೊಳ್ಳಿ ಅಕ್ಕ” ಅಂತ ಪ್ಯಾಂಟಿನ ಸೈಜ್ ಹೇಳಬೇಡಿ. ಪ್ಯಾಂಟ್ ನಿಲ್ಲೋದು ಹೊಟ್ಟೆಯ ಕೆಳಗೆ!

ನಮಗೆ ಇದು ಬೇರೆಯವರಿಗಿಂತ ಹೆಚ್ಚು ಮುಖ್ಯ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಮ್ಮ ಜಿಲ್ಲೆ ವರ್ಷಗಳಿಂದ ಕೇಳ್ತಾ ಇದೆ. ಹಾರ್ಟ್ ಅಟ್ಯಾಕ್ ಆದ್ರೆ ಅಂಕೋಲಾದವರು ಮಣಿಪಾಲವೋ ಹುಬ್ಬಳ್ಳಿಯೋ ಗೋವಾವೋ ಅಂತ ಲೆಕ್ಕ ಹಾಕ್ಬೇಕು, ಎಲ್ಲವೂ ನೂರು ಕಿಲೋಮೀಟರ್ ಮೇಲೆ. ಆ ಬೇಡಿಕೆ ಬಿಡೋದು ಬೇಡ. ಆದ್ರೆ ಆಂಬ್ಯುಲೆನ್ಸ್ ಹತ್ತೋ ದಿನಕ್ಕೆ ಹತ್ತು ವರ್ಷ ಮೊದಲೇ ಎಚ್ಚರಿಕೆ ಕೊಡಬಲ್ಲ ಟೇಪ್ ಇಪ್ಪತ್ತು ರೂಪಾಯಿಗೆ ಸಿಗ್ತದೆ.

ಇವತ್ತಿಗೆ ಇಷ್ಟು. ಈ ಸಂಚಿಕೆಯನ್ನು ಮನೆಯಲ್ಲಿ ಸಣ್ಣಗಿರೋರಿಗೂ ಕೇಳಿಸಿ.